ಕಳ್ಳ ಬಾರದ ವರ್ಷದಲ್ಲೂ ಅಲಾರಂ ಸವೆಯುತ್ತದೆ

ಹುನಗುಂದ ಸೀಮೆಯ ಎರಿ ನೆಲದ ಮೇಲೆ ಮನೆ ಕಟ್ಟಿದವರಿಗೆ ಬಾಗಿಲಿನ ಕಾಟ ಹೊಸದಲ್ಲ. ಮಳೆ ಹಿಡಿದರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಬುನಾದಿ ಸಾಕಷ್ಟು ಆಳಕ್ಕೆ ಇಳಿಯದ ಮನೆಯೂ ಅದರ ಜೊತೆಗೇ ಏರಿಳಿಯುತ್ತದೆ. ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ, ಚೌಕಟ್ಟು ತುಸು ವಾಲುತ್ತದೆ, ಕದ ಒಂದು ಮೂಲೆಯಲ್ಲಿ ಹಿಡಿದು ಇನ್ನೊಂದು ಮೂಲೆಯಲ್ಲಿ ಸಂದು ಬಿಡುತ್ತದೆ. ಮೊದಲಾದರೆ ಬಡಿಗರನ್ನು ಕರೆಸಿ ಕದ ಹೆರೆಸಿದರೆ ಮುಗಿಯುತ್ತಿತ್ತು. ಈಗ ಅದೇ ಕದಕ್ಕೆ ಕಳ್ಳರ ಅಲಾರಂನ ಸೆನ್ಸರ್ ಅಂಟಿಸಿದ್ದರೆ, ಆ ಸಂದು ರಾತ್ರಿ ಎರಡು ಗಂಟೆಗೆ ಇಡೀ ಓಣಿಯನ್ನು ಎಬ್ಬಿಸಬಹುದು.

ಆ ಸೆನ್ಸರ್ ಬಹಳ ಸರಳವಾದ ವಸ್ತು. ಚೌಕಟ್ಟಿನ ಮೇಲೆ ಕೂರಿಸಿದ ಪುಟ್ಟ ಡಬ್ಬಿಯೊಳಗೆ ಬಾಯಿ ಮುಚ್ಚಿದ ಗಾಜಿನ ಕೊಳವೆ, ಅದರಲ್ಲಿ ಕಬ್ಬಿಣ-ನಿಕಲ್ ಮಿಶ್ರಲೋಹದ ಎರಡು ತೆಳು ಪಟ್ಟಿಗಳು. ಕದದ ಮೇಲೆ ಒಂದು ಆಯಸ್ಕಾಂತ. ಬಾಗಿಲು ಮುಚ್ಚಿರುವ ತನಕ ಆಯಸ್ಕಾಂತದ ಸೆಳೆತಕ್ಕೆ ಪಟ್ಟಿಗಳು ಕೂಡಿಕೊಂಡಿರುತ್ತವೆ, ವಿದ್ಯುತ್ ಹರಿಯುತ್ತಿರುತ್ತದೆ. ಬಾಗಿಲು ತೆರೆದರೆ ಪಟ್ಟಿಗಳು ಬೇರೆಯಾಗುತ್ತವೆ, ಹರಿವು ನಿಲ್ಲುತ್ತದೆ, ಸೈರನ್ ಕೂಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ಈ ಸ್ವಿಚ್ಚಿಗೆ ಧೂಳು ತಾಗದು, ತುಕ್ಕು ಹಿಡಿಯದು. ಆದರೆ ಕದಕ್ಕೂ ಚೌಕಟ್ಟಿಗೂ ನಡುವಿನ ಅಂತರ ಒಂದೆರಡು ಸೆಂಟಿಮೀಟರ್ ದಾಟಿದರೆ ಆಯಸ್ಕಾಂತದ ಹಿಡಿತ ತಪ್ಪುತ್ತದೆ. ದುರಸ್ತಿ ಎಂದರೆ ಒಂದು ಸ್ಕ್ರೂ ಸಡಿಲಿಸಿ ಆಯಸ್ಕಾಂತವನ್ನು ಸರಿಸುವುದು, ಅಷ್ಟೆ. ಅಷ್ಟಕ್ಕೆ ಬಾಗಲಕೋಟೆಯಿಂದಲೋ ಹುಬ್ಬಳ್ಳಿಯಿಂದಲೋ ತಂತ್ರಜ್ಞ ಬರಬೇಕಾದರೆ, ಬಂದುಹೋದ ಖರ್ಚು ಸೆನ್ಸರಿನ ಬೆಲೆಯನ್ನು ಮೀರುತ್ತದೆ.

ಅಂಗಡಿಯವರು ಹೇಳುವ ಬೆಲೆಯಲ್ಲಿ ಈ ಖರ್ಚು ಇರುವುದಿಲ್ಲ. ಅಲಾರಂ ಅನ್ನು ನಾವು ಫ್ಯಾನು, ಟ್ಯೂಬ್‌ಲೈಟಿನ ಹಾಗೆ ಒಮ್ಮೆ ಹಾಕಿಸಿ ಮರೆಯುತ್ತೇವೆ. ಫ್ಯಾನು ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಅಲಾರಂ ಕೆಟ್ಟದ್ದು ಗೊತ್ತಾಗುವುದು ಕಳ್ಳತನವಾದ ಮರುದಿನ. ಹಾಗಾಗಿ ಇದರ ಮಟ್ಟಿಗೆ ಸರ್ವಿಸ್ ಖರ್ಚೂ ಬೆಲೆಯ ಒಂದು ಭಾಗ ಎಂದೇ ಲೆಕ್ಕ ಹಿಡಿಯಬೇಕು. ಆ ಲೆಕ್ಕವನ್ನು ನಮ್ಮ ಜಿಲ್ಲೆಯ ಮಣ್ಣು, ಬಿಸಿಲು, ಕಲ್ಲು ಬರೆಯುತ್ತವೆ.

ಬಿಸಿಲಿನ ಪಾಲು ದೊಡ್ಡದು. ತಂತಿ ಎಳೆದ ಬಹುತೇಕ ಅಲಾರಂಗಳ ಪೆಟ್ಟಿಗೆಯಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಮೊಹರು ಮಾಡಿದ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ಮನೆ ಕಾಯುವುದು ಅದೇ. ನಾಲ್ಕೈದು ಸೆನ್ಸರ್‌ಗಳಿರುವ ಮನೆಯಲ್ಲಿ ಸುಮ್ಮನೆ ಕಾವಲಿಗೆ 150 ಮಿಲಿಆಂಪಿಯರ್ ಬೇಕೆಂದು ಇಟ್ಟುಕೊಂಡರೆ, ಹೊಸ ಬ್ಯಾಟರಿ ಲೆಕ್ಕದ ಪ್ರಕಾರ 46 ಗಂಟೆ ತಡೆಯಬೇಕು. ಇಂಥ ಬ್ಯಾಟರಿಯ ಆಯುಸ್ಸನ್ನು ತಯಾರಕರು 20-25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳುತ್ತಾರೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳು ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತವೆ. ಸೀಸದ ತಟ್ಟೆ ಬೇಗ ಸವೆಯುತ್ತದೆ, ನೀರಿನಂಶ ಆರುತ್ತದೆ, ಆಯುಸ್ಸು ಅರ್ಧಕ್ಕಿಳಿಯುತ್ತದೆ. ಬಾಗಲಕೋಟೆಯ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಸಾಮಾನ್ಯ. ನಮ್ಮ ಎಲೆಕ್ಟ್ರಿಷಿಯನ್‌ಗಳು ಪೆಟ್ಟಿಗೆಯನ್ನು ಕೈಗೆ ಸಿಗದಿರಲಿ ಎಂದು ಆರ್‌ಸಿಸಿ ಚಾವಣಿಗೆ ತಾಗಿಸಿ, ಅದೂ ಪಡುವಣ ಗೋಡೆಗೆ ಹೊಡೆಯುತ್ತಾರೆ. ಮನೆಯಲ್ಲಿ ಅತಿ ಬಿಸಿಯಾಗುವ ಜಾಗ ಅದೇ. ಪೆಟ್ಟಿಗೆಯನ್ನು ಒಳಕೋಣೆಯ ಗೋಡೆಗೆ, ತಲೆಯೆತ್ತರಕ್ಕೆ ಇಳಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಬ್ಯಾಟರಿಯ ಬದುಕು ಹೆಚ್ಚುತ್ತದೆ.

ಇಷ್ಟಾದರೂ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವುದೇ ಕ್ಷೇಮ. ಬೆಲೆ ಸಾವಿರ ರೂಪಾಯಿಯ ಆಸುಪಾಸು, ಹಳೆಯದನ್ನು ಅಂಗಡಿಗೆ ಕೊಟ್ಟರೆ ಸ್ವಲ್ಪ ಕಡಿತ ಸಿಗುತ್ತದೆ. ಸೀಸ ವಿಷ, ತಿಪ್ಪೆಗೆ ಎಸೆಯಲೇಬಾರದು. ಬದಲಿಸಿದ ದಿನಾಂಕವನ್ನು ಬ್ಯಾಟರಿಯ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ. ವರ್ಷಕ್ಕೊಮ್ಮೆ ಪೆಟ್ಟಿಗೆಯ ಕರೆಂಟ್ ತೆಗೆದು ಅರ್ಧ ದಿನ ಬ್ಯಾಟರಿಯ ಮೇಲೆಯೇ ಬಿಟ್ಟು, ಕೊನೆಗೆ ಸೈರನ್ ಕೂಗಿಸಿ ನೋಡಿ. ಕರೆಂಟ್ ಇದ್ದಾಗ ಹಸಿರು ದೀಪ ಉರಿಯುತ್ತಿದೆ ಎಂಬುದರಿಂದ ಬ್ಯಾಟರಿ ಜೀವಂತವಾಗಿದೆ ಎಂದು ತಿಳಿಯಬೇಡಿ. ಇನ್ನು ವಿದ್ಯುತ್ ಬಿಲ್ಲಿನ ಚಿಂತೆ ಬೇಡ: 4 ವ್ಯಾಟ್ ಎಂದುಕೊಂಡರೂ ವರ್ಷಕ್ಕೆ 35 ಯೂನಿಟ್.

ಒಳಮನೆಯಲ್ಲಿ ಓಡಾಟ ಗುರುತಿಸುವ ಸೆನ್ಸರ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಗೋಡೆಯ ಮೂಲೆಯಲ್ಲಿ ಕೂತ ಆ ಬಿಳಿ ಡಬ್ಬಿ ಏನನ್ನೂ ಕಳಿಸುವುದಿಲ್ಲ, ಬರುವುದನ್ನು ಮಾತ್ರ ಹಿಡಿಯುತ್ತದೆ. ಮನುಷ್ಯನ ಮೈ ಸದಾ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತದೆ, ಅದರ ಗರಿಷ್ಠ ಪ್ರಮಾಣ ಸುಮಾರು 9.4 ಮೈಕ್ರಾನ್ ತರಂಗದುದ್ದದಲ್ಲಿ. ಡಬ್ಬಿಯೊಳಗಿನ ಸ್ಫಟಿಕಕ್ಕೆ ಉಷ್ಣತೆ ಬದಲಾದಾಗ ಮಾತ್ರ ವಿದ್ಯುದಾವೇಶ ಹುಟ್ಟುವ ಗುಣವಿದೆ. ಅಂಥ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನಕ್ಕೆ ಕಾದರೆ ಎರಡರ ಉತ್ತರವೂ ವಜಾ ಆಗುತ್ತದೆ. ಯಾರಾದರೂ ಅಡ್ಡ ದಾಟಿದರೆ ಮೊದಲು ಒಂದು, ಆಮೇಲೆ ಇನ್ನೊಂದು ಮಿಡಿಯುತ್ತದೆ. ಮುಂದಿರುವ ಗೆರೆಗೆರೆಯ ಮಸೂರ ಪಾಲಿಥೀನ್‌ನದು. ಕಿಟಕಿಯ ಗಾಜು ಈ ಕಿರಣಗಳನ್ನು ಬಿಡುವುದಿಲ್ಲ, ಪಾಲಿಥೀನ್ ಬಿಡುತ್ತದೆ.

ಇಲ್ಲಿ ಇಳಕಲ್ಲಿನ ಮಾತು ಬರುತ್ತದೆ. ಸೀರೆಯಷ್ಟೇ ಹೆಸರಾದ ಅಲ್ಲಿನ ಕೆಂಪು ಗ್ರಾನೈಟನ್ನು ಕೊಯ್ದು ಪಾಲಿಶ್ ಮಾಡುವಾಗ ಏಳುವ ಹುಡಿಯಲ್ಲಿ ಕ್ವಾರ್ಟ್ಜ್, ಎಂದರೆ ಸಿಲಿಕಾ, ಗಣನೀಯವಾಗಿರುತ್ತದೆ. ಸಿಲಿಕಾ ಅತಿ ಹೆಚ್ಚು ತಡೆಯುವುದು 9 ಮೈಕ್ರಾನ್ ಆಸುಪಾಸಿನ ಕಿರಣಗಳನ್ನೇ, ಸರಿಯಾಗಿ ನಮ್ಮ ಮೈ ಸೂಸುವ ಕಡೆಗೇ. ನಮ್ಮ ಕಣ್ಣಿಗೆ ತೆಳುವಾಗಿ ಕಾಣುವ ಧೂಳು ಸೆನ್ಸರಿನ ಕಣ್ಣಿಗೆ ಪೊರೆಯಾಗುವುದು ಹೀಗೆ. ಮಗ್ಗದ ಮನೆಯಲ್ಲಿ ನೂಲಿನ ಎಳೆಗಳೂ ಬಂದು ಅದರ ಮೇಲೆ ಕೂರುತ್ತವೆ. ಮದ್ದು ಸುಲಭ: ತಿಂಗಳಿಗೊಮ್ಮೆ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಅರಿವೆಯಿಂದ ಒರೆಸುವುದು. ಥಿನ್ನರ್, ಸೀಮೆಎಣ್ಣೆ ಮುಟ್ಟಿಸಬಾರದು. ಜೇಡ, ಹಲ್ಲಿಗಳನ್ನೂ ದೂರ ಇಡಬೇಕು. ಮಸೂರದ ಮೇಲೆಯೇ ಹರಿದಾಡುವ ಹಲ್ಲಿ ಸೆನ್ಸರಿಗೆ ಆಳಿನಷ್ಟು ದೊಡ್ಡದು.

ಸೆಖೆಗಾಲದಲ್ಲಿ ಇನ್ನೊಂದು ತೊಡಕಿದೆ. ಈ ಸೆನ್ಸರ್ ಹಿಡಿಯುವುದು ಮೈಗೂ ಹಿಂದಿನ ಗೋಡೆಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು. ಚರ್ಮದ ಉಷ್ಣತೆ 32-34 ಡಿಗ್ರಿ. ಮುಚ್ಚಿದ ಮನೆಯ ಗೋಡೆಯೂ ಕಾದು ಅಲ್ಲಿಗೇ ಬಂದಾಗ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ. ಒಳ್ಳೆಯ ಸೆನ್ಸರ್‌ಗಳಲ್ಲಿ ಇದನ್ನು ಸರಿದೂಗಿಸುವ ಏರ್ಪಾಡು ಇರುತ್ತದೆ, ಅಗ್ಗದವುಗಳಲ್ಲಿ ಹೆಸರಿಗಷ್ಟೆ. ಡಿಸೆಂಬರ್‌ನಲ್ಲಿ ಪಾಸಾದ ಸೆನ್ಸರ್ ಏಪ್ರಿಲ್‌ನಲ್ಲಿ ಫೇಲಾಗಬಹುದು. ಪರೀಕ್ಷೆ ಮಾಡುವುದಾದರೆ ಏಪ್ರಿಲ್ ರಾತ್ರಿಯಲ್ಲೇ, ಕೋಣೆಯಲ್ಲಿ ಅಡ್ಡಾಡಿ ಮಾಡಬೇಕು.

ಬಾದಾಮಿಯಲ್ಲಿ ಗೋಡೆ ದಪ್ಪ, ಮಂಗಗಳು ಹೆಚ್ಚು. ಮರಳುಗಲ್ಲಿನ ದಪ್ಪ ಗೋಡೆ ತಂತಿಯಿಲ್ಲದ ಸೆನ್ಸರ್‌ಗಳ ರೇಡಿಯೋ ಸಂಕೇತವನ್ನು ಕುಗ್ಗಿಸುತ್ತದೆ. ಪೆಟ್ಟಿಗೆಯಿಂದ ಉತ್ತರ ಬಾರದೆ ಸೆನ್ಸರ್ ಮತ್ತೆ ಮತ್ತೆ ಸಂಕೇತ ಕಳಿಸುತ್ತಿದ್ದರೆ ಅದರ ಲಿಥಿಯಂ ಸೆಲ್ಲು ಬೇಗ ಖಾಲಿಯಾಗುತ್ತದೆ. ಅಂಥ ಮನೆಗೆ ತಂತಿಯ ಅಲಾರಂ ಮೊದಲಿಗೆ ದುಬಾರಿಯಾದರೂ ಕೊನೆಗೆ ಅಗ್ಗ. ಮಾಳಿಗೆಯ ಮೇಲೆ ತಂತಿ ಎಳೆಯುವಾಗ ಕಬ್ಬಿಣದ ಪೈಪಿನೊಳಗೆ ಎಳೆಸಿ, ಸೈರನ್‌ಗೆ ಜಾಲರಿ ಹೊಡೆಸಿ. ಮಂಗಗಳ ಕೈಗೆ ಸಡಿಲ ತಂತಿ ಸಿಕ್ಕರೆ ಉಳಿಯುವುದಿಲ್ಲ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟು ಬಂದವರ ಬಾಗಲಕೋಟೆ ನವನಗರದಲ್ಲಿ ರಸ್ತೆ ಅಗಲ, ಮನೆಗಳ ನಡುವೆ ಜಾಗ ಧಾರಾಳ. ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತಿತ್ತು. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಕೂಗುವ ಸೈರನ್, ದೂರ ಇಮ್ಮಡಿಯಾದಂತೆ 6 ಡೆಸಿಬೆಲ್ ಕಳೆದುಕೊಂಡು, 32 ಮೀಟರ್‌ಗೆ 80ಕ್ಕೆ ಇಳಿಯುತ್ತದೆ. ಕಿಟಕಿ ಮುಚ್ಚಿ ಕೂಲರ್ ಹಾಕಿ ಮಲಗಿದ ನೆರೆಯವರಿಗೆ ಅದು ಎಚ್ಚರವಾಗುವಷ್ಟು ಕೇಳುವುದು ಅನುಮಾನ. ಆದ್ದರಿಂದ ಫೋನಿಗೆ ಕರೆ ಮಾಡುವ ಸಿಮ್ ಹಾಕಿಸುತ್ತಾರೆ. ವರ್ಷದ ಲೆಕ್ಕದಲ್ಲಿ ಬಹುಮಟ್ಟಿಗೆ ಈ ಸಿಮ್‌ನ ರೀಚಾರ್ಜೇ ಬ್ಯಾಟರಿಗಿಂತ ದುಬಾರಿ. ಕೊಳ್ಳುವ ಮುನ್ನ ಪೆಟ್ಟಿಗೆ 2ಜಿಯದೋ 4ಜಿಯದೋ ಕೇಳಿ. ಜಿಯೋಗೆ 2ಜಿ ಜಾಲವೇ ಇಲ್ಲ. 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ಸಿಮ್ ಅನ್ನು ರದ್ದು ಮಾಡಲು ಕಂಪನಿಗಳಿಗೆ ಅವಕಾಶವಿದೆ. ಕಳ್ಳ ಬಾರದ ಮನೆಯ ಅಲಾರಂ ಯಾರಿಗೂ ಕರೆ ಮಾಡುವುದಿಲ್ಲವಲ್ಲ! ತಿಂಗಳಿಗೊಮ್ಮೆ ಅಲಾರಂ ಕೂಗಿಸಿ, ಕರೆ ಬಂತೇ ಎಂದು ನೋಡುವುದರಿಂದ ಸಿಮ್ಮೂ ಉಳಿಯುತ್ತದೆ, ಸೈರನ್ನಿನ ಪರೀಕ್ಷೆಯೂ ಆಗುತ್ತದೆ.

ಇನ್ನು ವಾರ್ಷಿಕ ನಿರ್ವಹಣೆಯ ಕರಾರು, ಎಲ್ಲರೂ ಎಎಂಸಿ ಎನ್ನುವುದು. ಇದರ ಮೇಲೆ ಶೇಕಡ 18 ಜಿಎಸ್‌ಟಿ ಬೀಳುತ್ತದೆ. ಬರಿ ಭೇಟಿಯ ಕರಾರು ಒಂದು, ಬಿಡಿಭಾಗಗಳೂ ಸೇರಿದ ಕರಾರು ಇನ್ನೊಂದು. ಎರಡನೆಯದರಲ್ಲೂ ಬ್ಯಾಟರಿ ಮತ್ತು ಸಿಡಿಲಿನ ಹಾನಿಯನ್ನು ಹೊರಗಿಟ್ಟಿರುವುದು ಸಾಮಾನ್ಯ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಮೊದಲು ಸುಡುವುದೇ ಈ ಪೆಟ್ಟಿಗೆಗಳು. ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್‌ಗೆ ಹಾಕಿದ ಹಣ ಹಾಗಾಗಿ ದಂಡವಲ್ಲ. ಒರೆಸುವುದು, ಅಡ್ಡಾಡಿ ನೋಡುವುದು, ತಿಂಗಳ ಕರೆ, ಇವನ್ನು ಮನೆಯವರೇ ಮಾಡಿಕೊಂಡರೆ ಬರಿ ಭೇಟಿಯ ಕರಾರೇ ಸಾಕು ಎಂಬುದು ನನ್ನ ಅಭಿಪ್ರಾಯ. ಅಷ್ಟೂ ಮಾಡಲಾಗದವರು ಅಲಾರಂ ಬಿಟ್ಟು, ಆ ಹಣದಲ್ಲಿ ಗಟ್ಟಿ ಕಬ್ಬಿಣದ ಗ್ರಿಲ್ಲು, ಒಳ್ಳೆಯ ಕೀಲಿ ಹಾಕಿಸುವುದು ಮೇಲು. ಸುಳ್ಳೇ ಕೂಗುವ ಅಲಾರಂಗೆ ನಾಲ್ಕನೇ ಸಲ ಯಾರೂ ಎದ್ದು ಬರುವುದಿಲ್ಲ.

ಕರಾರಿನಲ್ಲಿ ಭೇಟಿಗಳ ಸಂಖ್ಯೆಯ ಜೊತೆಗೆ ತಿಂಗಳನ್ನೂ ಬರೆಸಿಕೊಳ್ಳಿ. ಒಂದು ಭೇಟಿ ಏಪ್ರಿಲ್ ಕೊನೆಗೆ, ಬ್ಯಾಟರಿ ಮತ್ತು ಸೆನ್ಸರ್ ಬಿಸಿಗೆ ಸಿಕ್ಕಿರುವಾಗ, ಗುಡುಗು ಮಳೆ ಜೋರಾಗುವ ಮುನ್ನ. ಇನ್ನೊಂದು ಅಕ್ಟೋಬರ್‌ನಲ್ಲಿ, ಎರಿ ನೆಲ ನೀರು ಕುಡಿದು ಉಬ್ಬಿ, ಬಾಗಿಲು ಜರುಗುವಷ್ಟು ಜರುಗಿದ ಮೇಲೆ. ಆಗ ಆಯಸ್ಕಾಂತ ಸರಿಪಡಿಸಿಕೊಂಡರೆ ಜನವರಿಯ ಬನಶಂಕರಿ ಜಾತ್ರೆಗೆ ಮನೆಗೆ ಕೀಲಿ ಹಾಕಿ ಹೋಗಬಹುದು.