ಸಪ್ತಾಪುರ: ಆರ್ಡರ್ ಕಾಯುವವರ ಓಣಿ

“ಯಾವ ಎಕ್ಸಾಮಿಗೆ ಓದಾಕತ್ತಿ?”

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ರೂಮು ಕೇಳಲು ಹೋದ ಹುಡುಗನಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಊರು, ಅಡ್ಡಹೆಸರು, ಅಡ್ವಾನ್ಸು ಎಲ್ಲ ಆಮೇಲೆ. ಕೆಎಎಸ್ ಎಂದರೆ ನಾಲ್ಕಾರು ವರ್ಷ ರೂಮು ಖಾಲಿಯಾಗುವುದಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಎಂದರೆ ಬೆಳಗಿನ ಜಾವವೇ ಗೇಟಿನ ಸಪ್ಪಳ ಶುರು. ಇಷ್ಟು ಲೆಕ್ಕ ಇಲ್ಲಿನ ಮನೆ ಮಾಲೀಕರಿಗೆ ಬಾಯಿಪಾಠ.

ಊರಿನ ಪಶ್ಚಿಮಕ್ಕಿರುವ ಈ ಬಡಾವಣೆಗೆ ವಿದ್ಯೆಯ ನಂಟು ಹೊಸದಲ್ಲ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಹತ್ತಿರದಲ್ಲೇ ಇದೆ. ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಆ ಕಲ್ಲಿನ ಕಟ್ಟಡದಲ್ಲೇ ಗಿರೀಶ ಕಾರ್ನಾಡರು ಬಿ.ಎ. ಓದಿದ್ದು. ಮುಂದೆ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಸಂಸ್ಥೆ ಅದು. ಅಲ್ಲಿ ಪಾಠ ಹೇಳಿದ ಅನೇಕರು ಈ ಸುತ್ತಿನಲ್ಲೇ ಮನೆ ಕಟ್ಟಿಕೊಂಡರು. ಮುಂದೆ ಹೂವಿನ ಬಳ್ಳಿ, ಹಿತ್ತಲಲ್ಲಿ ಪೇರಲ ಗಿಡ, ಸಂಜೆ ಕಟ್ಟೆಯ ಮೇಲೆ ಹರಟೆ. ಅಂಥ ಮನೆಗಳು ಇನ್ನೂ ಕೆಲವು ಉಳಿದಿವೆ. ಬೇರೆಯವುಗಳ ನೆತ್ತಿಯ ಮೇಲೆ ಎರಡು-ಮೂರು ಅಂತಸ್ತು ಏರಿವೆ. ಒಂದೊಂದು ಅಂತಸ್ತಿನಲ್ಲೂ ಸಾಲು ರೂಮುಗಳು, ಹಗ್ಗದ ಮೇಲೆ ಒಣಗುವ ಟವೆಲ್ಲುಗಳು.

ಕಾಲೇಜು, ವಿಶ್ವವಿದ್ಯಾಲಯ ತಂದ ವಿದ್ಯಾರ್ಥಿಗಳಿಗಿಂತ ಕೋಚಿಂಗ್ ಕ್ಲಾಸುಗಳು ತಂದವರೇ ಈಗ ಬೀದಿಯಲ್ಲಿ ಹೆಚ್ಚು ಕಾಣುತ್ತಾರೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು, ಯಾದಗಿರಿ. ಉತ್ತರದ ಯಾವ ಜಿಲ್ಲೆಯ ಹುಡುಗ-ಹುಡುಗಿಯರೂ ಇಲ್ಲಿ ಸಿಗುತ್ತಾರೆ. ಗೋಡೆ, ಕಂಬ, ಆಟೊದ ಬೆನ್ನು, ಎಲ್ಲಿ ನೋಡಿದರೂ ಸರ್ಕಾರಿ ಹುದ್ದೆಗಳ ಹೆಸರು: ಪಿಡಿಒ, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ. ಮೊದಲ ಸಲ ಬಂದವರಿಗೆ ಇದೊಂದು ಅಕ್ಷರಮಾಲೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಸಪ್ತಾಪುರವನ್ನು ನೋಡಬೇಕೆಂದರೆ ಝೆರಾಕ್ಸ್ ಅಂಗಡಿಗೆ ಹೋಗಬೇಕು. ನೆಲದಿಂದ ಸೊಂಟದೆತ್ತರಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಕ್ಲಾಸಿನ ಕೈಬರಹದ ನೋಟ್ಸು, ತಿಂಗಳ ಪ್ರಚಲಿತ ವಿದ್ಯಮಾನಗಳ ಪುಸ್ತಕ. ಹುಡುಗಿಯೊಬ್ಬಳು “ಅಣ್ಣಾ, ಸಂವಿಧಾನದ್ದು ಕೊಡ್ರಿ” ಅಂದರೆ ಅಂಗಡಿಯವನು ತಲೆ ಎತ್ತದೆಯೇ “ಹಿಂದಿನ ಸಲದ್ದ ಬೇಕೋ, ಹೊಸಾದ ಬೇಕೋ?” ಅನ್ನುತ್ತಾನೆ. ಯಾವ ಮೇಷ್ಟ್ರ ನೋಟ್ಸಿನಿಂದ ಎಷ್ಟು ಪ್ರಶ್ನೆ ಬಂದವು ಎಂಬುದೂ ಅವನಿಗೆ ಗೊತ್ತು. ಕೀ ಉತ್ತರ ಪ್ರಕಟವಾದ ದಿನ ಅವನ ಕಟ್ಟೆಯೇ ಪರೀಕ್ಷಾ ಮಂಡಳಿ. ಕಟ್ ಆಫ್ ಎಷ್ಟಕ್ಕೆ ನಿಲ್ಲುತ್ತದೆ ಎಂಬ ವಾದ ಅಲ್ಲಿ ಚಹಾ ಆರಿದರೂ ಮುಗಿಯುವುದಿಲ್ಲ.

ಊಟಕ್ಕೆ ತೊಂದರೆಯಿಲ್ಲ. ಖಾನಾವಳಿಗಳಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಂಜೆ ಗಿರಮಿಟ್ಟು, ಮಿರ್ಚಿ. ರೊಟ್ಟಿ ಬಡಿದು ಡಬ್ಬಿ ಕಟ್ಟಿಕೊಡುವ ಮನೆಗಳೂ ಇವೆ. ರಾತ್ರಿ ಓದಲು ದುಡ್ಡು ಕಟ್ಟಿ ಕೂರುವ ಖಾಸಗಿ ಲೈಬ್ರರಿಗಳಿವೆ. ಹೆಸರಿಗೆ ಲೈಬ್ರರಿಯಾದರೂ ಅಲ್ಲಿ ಇರುವುದು ಖುರ್ಚಿ, ಮೇಜು, ಫ್ಯಾನು, ವೈಫೈ ಮಾತ್ರ. ಪುಸ್ತಕ ನೀವೇ ತರಬೇಕು. ಸಾಹಿತ್ಯದ ಊರೆಂದು ಎದೆ ತಟ್ಟಿಕೊಳ್ಳುವ ಧಾರವಾಡ ಇವರಿಗಾಗಿ ತಡರಾತ್ರಿವರೆಗೆ ತೆರೆದಿರುವ ಸಾರ್ವಜನಿಕ ವಾಚನಾಲಯಗಳನ್ನು ಹೆಚ್ಚಿಸಬಾರದೇಕೆ? ಭಾಷಣಕ್ಕೆ ಸಭಾಂಗಣಗಳು ಬೇಕಾದಷ್ಟಿವೆ.

ಬೆಳಗಿನ ಜಾವದ ಚಿತ್ರವೇ ಬೇರೆ. ಕೆಲಗೇರಿ ಕೆರೆಯ ಕಡೆ ವಾಕಿಂಗ್ ಹೊರಟ ನಿವೃತ್ತರ ಪಕ್ಕದಲ್ಲೇ ಹುಡುಗರು ಏದುಸಿರು ಬಿಡುತ್ತ ಓಡುತ್ತಾರೆ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 400 ಮೀಟರ್ ಓಟ ಇರುತ್ತದೆ. ಕಾಲೇಜು ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ ಗೆಳೆಯನೇ ಕೋಚು.

ಮನೆ ಮಾಲೀಕರ ಕುಟುಂಬಗಳಿಗೂ ಈ ಹುಡುಗರಿಗೂ ಇರುವುದು ಬರೀ ಬಾಡಿಗೆಯ ಸಂಬಂಧವಲ್ಲ ಎನ್ನಬಹುದು; ಬಾಡಿಗೆಯೇ ಮುಖ್ಯ ಎನ್ನುವುದನ್ನೂ ಮುಚ್ಚಿಡಬೇಕಿಲ್ಲ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮನೆಗಳಲ್ಲಿ ಮೇಲಿನ ರೂಮಿನ ಹುಡುಗನೇ ಗ್ಯಾಸ್ ಸಿಲಿಂಡರ್ ಒಳಗಿಡುತ್ತಾನೆ, ಮೊಬೈಲ್ ರಿಚಾರ್ಜ್ ಮಾಡಿಕೊಡುತ್ತಾನೆ. “ಏನಪಾ, ನೌಕರಿ ಆರ್ಡರ್ ಬಂತೇನು?” “ಇನ್ನೂ ಇಲ್ರಿ ಕಾಕು, ಲಿಸ್ಟ್ ಬಿಟ್ಟಿಲ್ಲ.” “ಬರ್ತೈತಿ ಬಿಡು. ತಾಟ ತಗೊಂಡ ಬಾ, ಹೋಳಗಿ ಮಾಡೇನಿ.” ಹಬ್ಬದ ದಿನ ಊರಿಗೆ ಹೋಗದವರಿಗೆ ಈ ಮಾತು ಸಣ್ಣದಲ್ಲ.

ಹಬ್ಬಕ್ಕೂ ಊರಿಗೆ ಹೋಗದಿರುವುದಕ್ಕೆ ಓದೊಂದೇ ಕಾರಣವಲ್ಲ. “ನೌಕರಿ ಆತೇನು?” ಎಂದು ಕೇಳುವವರ ಎದುರು ನಿಲ್ಲಲಾಗುವುದಿಲ್ಲ. ನೌಕರಿ ತಡವಾಗುವುದು ಹೇಗೆಂಬುದಕ್ಕೆ 545 ಪಿಎಸ್‌ಐ ಹುದ್ದೆಗಳ ಕಥೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನೂ ಎರಡು ವರ್ಷಕ್ಕೂ ಹೆಚ್ಚು ಕಾಲ ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಕಟ್ಟಿದ. ಆ ದುಡ್ಡು ಬಂದದ್ದು ಎಲ್ಲೋ ಒಣಬೇಸಾಯದ ಹೊಲದಿಂದ, ಇಲ್ಲವೇ ಅಪ್ಪ ಮಾಡಿದ ಸಾಲದಿಂದ. ನೇಮಕಾತಿ ತಡವಾದಷ್ಟೂ ಸಪ್ತಾಪುರದ ವ್ಯಾಪಾರ ನಿಲ್ಲದೆ ನಡೆಯುತ್ತದೆ. ಈ ಬಡಾವಣೆಯ ಗೆಲುವಿನ ಹಿಂದಿರುವ ಕಹಿ ಲೆಕ್ಕ ಇದು.

ಹಳೆಯ ನಿವಾಸಿಗಳ ದೂರುಗಳೂ ಸುಳ್ಳಲ್ಲ. ಕ್ಲಾಸು ಬಿಟ್ಟ ಹೊತ್ತಿನಲ್ಲಿ ರಸ್ತೆ ದಾಟುವುದು ಕಷ್ಟ, ಗೇಟಿನ ಮುಂದೆ ಯಾರದೋ ಬೈಕು ನಿಂತಿರುತ್ತದೆ. ನಾಲ್ಕು ಜನರ ಮನೆಗೆಂದು ಹಾಕಿದ ಒಳಚರಂಡಿಗೆ ನಲವತ್ತು ಜನರ ಬಳಕೆಯ ಭಾರ ಬಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾ ಸಾಗರದಿಂದ ಬರಬೇಕು. ನೀರಿನ ಪಾಳಿ ತಪ್ಪಿತೆಂದರೆ ಟ್ಯಾಂಕರ್‌ಗೆ ಫೋನು.

ಮಗನನ್ನೋ ಮಗಳನ್ನೋ ಇಲ್ಲಿ ಓದಲು ಬಿಡುವವರಿಗೆ ಎರಡು ಮಾತು. ಅಡ್ವಾನ್ಸು ಕೊಡುವ ಮೊದಲು ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ರೂಮಿಗೆ ಗಾಳಿ ಬೆಳಕು ಇದೆಯೇ ನೋಡಿ. ಇನ್ನೊಂದು, ಎಷ್ಟು ವರ್ಷ ಓದುವುದು, ಆಮೇಲೇನು ಎಂಬುದನ್ನು ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.