ನಡುಕ ನಿಲ್ಲಬಹುದು, ಮಾತು ಉಳಿಯುವುದೇ?

ಸ್ವಿಚ್ ಹಾಕಿದೊಡನೆ ನಡುಗುವ ಕೈ ತಟ್ಟನೆ ನಿಲ್ಲುವ ವಿಡಿಯೊಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅವು ಸುಳ್ಳಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಅಲಿಂ-ಲೂಯಿ ಬೆನಬಿದ್ ಆರಂಭಿಸಿದ ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಪಾರ್ಕಿನ್ಸನ್ ಇರುವ ಎಷ್ಟೋ ಮಂದಿಗೆ ಉಣ್ಣುವ, ಗುಂಡಿ ಹಾಕಿಕೊಳ್ಳುವ ಸ್ವಾತಂತ್ರ್ಯ ಮರಳಿಸಿದೆ. ಆದರೆ ವಿಡಿಯೊದಲ್ಲಿ ಕೈ ಕಾಣುತ್ತದೆ, ದನಿ ಕೇಳಿಸುವುದಿಲ್ಲ. ಮರಿಯಮ್ಮನಹಳ್ಳಿಯಂಥ ನಾಟಕದ ಊರಿಗೆ ಅದು ಸಣ್ಣ ವಿಷಯವಲ್ಲ. ರಂಗದ ಮೇಲೆ ಮಾತು, ಹಾಡುಗಳಿಂದಲೇ ಬದುಕಿದ ಹಿರಿಯರು ಇಲ್ಲಿದ್ದಾರೆ.

ಡಿಬಿಎಸ್‌ನಲ್ಲಿ ತಲೆಬುರುಡೆಗೆ ರಂಧ್ರ ಕೊರೆದು ಮೆದುಳಿನ ಆಳಕ್ಕೆ ತೆಳ್ಳನೆಯ ತಂತಿ ಇಳಿಸುತ್ತಾರೆ. ಎದೆಯ ಚರ್ಮದಡಿ ಕೂರಿಸಿದ ಬ್ಯಾಟರಿಯಿಂದ ಅದಕ್ಕೆ ಕರೆಂಟು ಹರಿಯುತ್ತದೆ. ತಂತಿ ಇಳಿಸುವಾಗ ಅನೇಕ ರೋಗಿಗಳು ಎಚ್ಚರವಾಗಿಯೇ ಇರುತ್ತಾರೆ. ಮುಷ್ಟಿ ಬಿಗಿಯಿರಿ, ಬಿಡಿ, ಒಂದರಿಂದ ಹತ್ತು ಎಣಿಸಿ ಎನ್ನುತ್ತಾ ವೈದ್ಯರು ಕೈಯನ್ನೂ ನಾಲಿಗೆಯನ್ನೂ ಗಮನಿಸುತ್ತಾರೆ. ಕರೆಂಟು ಪಕ್ಕದ ನರತಂತುಗಳಿಗೆ ತಾಗಿದರೆ ಮಾತು ತೊದಲುತ್ತದೆ.

ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬೇಡ ಎನ್ನುವಂತಿಲ್ಲ. ಅಮೆರಿಕದಲ್ಲಿ 1757 ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನಗಳೊಳಗೆ ಸೋಂಕು, ನ್ಯುಮೋನಿಯಾ, ರಕ್ತಸ್ರಾವದಂಥ ತೊಂದರೆ ಕಂಡದ್ದು ಶೇ 7.5 ಮಂದಿಯಲ್ಲಿ, 75 ದಾಟಿದವರ ಪಾಲು ಉಳಿದವರಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಆದರೆ ಅದು ಮೂರು ತಿಂಗಳ ಲೆಕ್ಕ. ಮನೆಯವರ ನಿಜವಾದ ಪಾಡು ಆಮೇಲಿನದು. ಮೊದಲೇ ಮರೆವು ಕಾಣಿಸಿಕೊಂಡಿದ್ದ ಅಜ್ಜನಿಗೆ ಶಸ್ತ್ರಚಿಕಿತ್ಸೆಯ ನಂತರ ಗಲಿಬಿಲಿ ಹೆಚ್ಚಬಹುದು. ಬೇಕಾದ ಪದ ಬಾಯಿಗೆ ಬರದೆ ತಡವರಿಸಬಹುದು. ನಡುಕ ನಿಂತ ಧೈರ್ಯಕ್ಕೆ ಸರಸರನೆ ಎದ್ದು ನಡೆದು ಬೀಳಬಹುದು. ಸೊಂಟದ ಮೂಳೆ ಮುರಿದರೆ ಗೆದ್ದದ್ದೆಲ್ಲ ಹೋಯಿತು.

ಡಿಬಿಎಸ್‌ನಿಂದ ಎಷ್ಟು ಲಾಭವಾದೀತು ಎಂದು ಮುಂಚೆಯೇ ಅಂದಾಜಿಸಲು ಒಂದು ಪರೀಕ್ಷೆ ಇದೆ. ರಾತ್ರಿಯಿಂದ ಸಿಂಡೋಪಾದಂಥ ಲೆವೊಡೋಪಾ ಗುಳಿಗೆ ನಿಲ್ಲಿಸಿ, ಬೆಳಿಗ್ಗೆ ನಡೆಸಿ ನೋಡುತ್ತಾರೆ. ಬಳಿಕ ಗುಳಿಗೆ ಕೊಟ್ಟು ಮತ್ತೆ ನಡೆಸುತ್ತಾರೆ. ಮೂರನೇ ಒಂದು ಪಾಲಿನಷ್ಟಾದರೂ ಸುಧಾರಣೆ ಕಾಣಬೇಕು. ನಡುಕ ಬಿಟ್ಟರೆ, ಗುಳಿಗೆಗೆ ಬಗ್ಗದ ತೊಂದರೆ ಸಾಮಾನ್ಯವಾಗಿ ಕರೆಂಟಿಗೂ ಬಗ್ಗುವುದಿಲ್ಲ. ಸಾಲ ಮಾಡಿ ಹತ್ತಾರು ಲಕ್ಷ ಹೊಂದಿಸುವ ಮೊದಲು ಪ್ರತಿ ಕುಟುಂಬಕ್ಕೂ ಈ ಮಾತು ತಿಳಿದಿರಬೇಕು.

ಇನ್ನು ಓಡಾಟ. ಆಪರೇಷನ್ ಮುಗಿದರೂ ಕರೆಂಟಿನ ಪ್ರಮಾಣ ಹೊಂದಿಸಲು ತಿಂಗಳುಗಟ್ಟಲೆ ಹೋಗಿಬರಬೇಕು. ನಮ್ಮ ಕಡೆಯವರಿಗೆ ಅದೆಂದರೆ ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರುವುದು, ಜೊತೆಗೊಬ್ಬರು ಕೂಲಿ ಬಿಟ್ಟು ಬರುವುದು. ಚಾರ್ಜ್ ಮಾಡಲಾಗದ ಬ್ಯಾಟರಿಯಾದರೆ ಕೆಲವು ವರ್ಷಕ್ಕೊಮ್ಮೆ ಬದಲಿಸಲು ಮತ್ತೆ ಎದೆ ಕೊಯ್ಯಬೇಕು.

ನಿಮ್ಮ ಮನೆಯ ಹಿರಿಯರಿಗೆ ಯಾರಾದರೂ ಡಿಬಿಎಸ್ ಹೇಳಿದ್ದರೆ, ಒಪ್ಪುವ ಮುನ್ನ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರ ಎರಡನೇ ಅಭಿಪ್ರಾಯ ಪಡೆಯಿರಿ. ನೆನಪಿನ ಪರೀಕ್ಷೆ ಆಗಿದೆಯೇ, ಮಾತು ಎಷ್ಟರಮಟ್ಟಿಗೆ ಕೆಡಬಹುದು, ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಹಿರಿಯರ ಎದುರೇ ಕೇಳಿ. ಕೊನೆಯ ಮಾತು ಅವರದೇ ಆಗಿರಲಿ.