ತುಪ್ಪದ ಹರಳು, ಬತ್ತಿಯ ನವಿಲುಗರಿ

ಈ ಅಂಕಣಕ್ಕೆ ದಾವಣಗೆರೆ ಸೀಮೆಯ ತ್ಯಾವಣಿಗೆಯ ಓದುಗರೊಬ್ಬರ ಪ್ರಶ್ನೆಯ ಜೊತೆ ಎರಡು ಫೋಟೊಗಳೂ ಬಂದವು. ಮೊದಲನೆಯದರಲ್ಲಿ ಗೇಣುದ್ದದ, ತೋಳುಗಾತ್ರದ ಒಂದು ಮೇಣದಬತ್ತಿ. ಅಂಗಡಿಯವರು ಪಿಲ್ಲರ್ ಕ್ಯಾಂಡಲ್ ಎನ್ನುವ ಜಾತಿಯದು. ಮೈಮೇಲೆಲ್ಲ ಗರಿಗರಿಯಾದ ಚಿತ್ತಾರ. ನವಿಲುಗರಿಯ ಮೇಲೆ ಜರಿಗಿಡದ ಎಲೆ ಬಿದ್ದು, ಅದರ ಮೇಲೆ ಮತ್ತೊಂದು ನವಿಲುಗರಿ ಬಿದ್ದ ಹಾಗೆ. ಎರಡನೆಯ ಫೋಟೊದಲ್ಲೂ ಅಷ್ಟೇ ಎತ್ತರದ, ಅಷ್ಟೇ ದಪ್ಪದ ಬತ್ತಿ. ಆದರೆ ಮೈ ಬೋಳು ಬೋಳು, ಶಾಲೆಯ ಸೀಮೆಸುಣ್ಣದ ಕಡ್ಡಿಯನ್ನು ಹಿಗ್ಗಿಸಿ ನಿಲ್ಲಿಸಿದಂತೆ. ಎರಡಕ್ಕೂ ಒಂದೇ ಚೀಲದ ತಾಳೆ ಮೇಣ, ಒಂದೇ ಅಲ್ಯೂಮಿನಿಯಂ ಅಚ್ಚು, ಒಂದೇ ಒಲೆ. ಹಾಗಾದರೆ ಮೊದಲ ಸಲ ಮೂಡಿದ ಗರಿ ಎರಡನೆಯ ಸಲ ಎಲ್ಲಿ ಹೋಯಿತು ಎಂಬುದು ಪ್ರಶ್ನೆ.

ಪ್ರಶ್ನೆಯ ಕೆಳಗೆ ಒಂದು ಒಕ್ಕಣೆಯೂ ಇತ್ತು. ಪಕ್ಕದ ಮನೆಯ ಹಿರಿಯರು ಮೊದಲ ಬತ್ತಿ ನೋಡಿ, ‘ಇದು ಸುಬ್ರಹ್ಮಣ್ಯನ ನವಿಲು, ಹಚ್ಚಬೇಡಿ, ದೇವರ ಮನೆಯಲ್ಲಿಡಿ’ ಎಂದರಂತೆ. ಎರಡನೆಯದು ಬೋಳಾಗಿ ಬಂದಾಗ, ‘ಅಮಾವಾಸ್ಯೆ ದಿನ ಒಲೆ ಮೇಲಿಟ್ಟರೆ ಇನ್ನೇನಾಗುತ್ತೆ’ ಎಂದರಂತೆ.

ಅಮಾವಾಸ್ಯೆಗೆ ನಮ್ಮಲ್ಲಿ ಹೊರಿಸದ ಅಪರಾಧವೇ ಇಲ್ಲ. ಬದನೆಕಾಯಿ ಹೋಳಿನಲ್ಲಿ ಓಂಕಾರ, ಆಲೂಗಡ್ಡೆಯಲ್ಲಿ ಗಣಪನ ಸೊಂಡಿಲು ಕಾಣುವ ಕಣ್ಣಿಗೆ ಮೇಣದಲ್ಲಿ ನವಿಲು ಕಾಣುವುದು ದೊಡ್ಡದೇನಲ್ಲ. ಬೇಸರವೆಂದರೆ, ಹಾಗೆ ಕೈಮುಗಿದು ಸುಮ್ಮನಾದವರಿಗೆ ಆ ಗರಿಯ ನಿಜವಾದ ಸೊಗಸು ಕಾಣದೇ ಹೋಗುತ್ತದೆ. ಅದನ್ನು ನೋಡಲು ದೇವರ ಮನೆಗಿಂತ ಅಡುಗೆಮನೆ ವಾಸಿ.

ಬೆಣ್ಣೆ ಕಾಯಿಸಿದ ತುಪ್ಪವನ್ನು ನೆನೆಯಿರಿ. ಕಾದ ತುಪ್ಪವನ್ನು ಒಲೆಯ ಬದಿಯಲ್ಲೇ ಮುಚ್ಚಿಟ್ಟು ರಾತ್ರಿಯೆಲ್ಲ ತಾನಾಗಿ ಆರಲು ಬಿಟ್ಟರೆ ಬೆಳಿಗ್ಗೆಗೆ ಮರಳು ಮರಳಾಗಿ, ಹರಳುಗಟ್ಟಿ ನಿಂತಿರುತ್ತದೆ. ಅದೇ ತುಪ್ಪವನ್ನು ಅವಸರಕ್ಕೆ ಫ್ರಿಜ್ಜಿಗೆ ತಳ್ಳಿದರೆ ನುಣ್ಣಗೆ ಗೋಡೆಗೆ ಬಳಿದ ಸುಣ್ಣದಂತಾಗುತ್ತದೆ. ರುಚಿ ಕಂಡವರು ಮೊದಲನೆಯದನ್ನೇ ಬೇಡುತ್ತಾರೆ. ಎರಡರಲ್ಲೂ ಇರುವುದು ಅದೇ ತುಪ್ಪ. ಬೇರೆಯಾದದ್ದು ಆರಿದ ವೇಗ ಮಾತ್ರ.

ದ್ರವವೊಂದು ಗಟ್ಟಿಯಾಗಬೇಕಾದರೆ ಅದರ ಅಣುಗಳು ಎಲ್ಲೋ ಒಂದೆಡೆ ಸೇರಿ ಸಾಲುಗಟ್ಟಲು ಶುರುಮಾಡಬೇಕು. ಅದು ಹರಳಿನ ಬೀಜ. ಥಟ್ಟನೆ ತಣ್ಣಗಾದರೆ ಸಾವಿರ ಕಡೆ ಏಕಕಾಲಕ್ಕೆ ಬೀಜ ಮೊಳೆತು, ಯಾವುದಕ್ಕೂ ಬೆಳೆಯಲು ಜಾಗವಿಲ್ಲದೆ ಎಲ್ಲವೂ ಪುಡಿ ಹರಳುಗಳಾಗಿಯೇ ಉಳಿಯುತ್ತವೆ. ನಿಧಾನವಾಗಿ ಆರಿದರೆ ಬೀಜಗಳು ಕೆಲವೇ ಕೆಲವು. ಒಂದೊಂದಕ್ಕೂ ಸುತ್ತಲಿನ ಅಣುಗಳನ್ನೆಲ್ಲ ಎಳೆದುಕೊಂಡು ರೆಂಬೆ, ಕೊಂಬೆ ಚಾಚುವಷ್ಟು ಹೊತ್ತು ಸಿಗುತ್ತದೆ. ಭೂಮಿಯ ಆಳದಲ್ಲಿ ಲಕ್ಷಾಂತರ ವರ್ಷ ಆರಿದ ಗ್ರಾನೈಟಿನಲ್ಲಿ ಕಣ್ಣಿಗೆ ಕಾಣುವ ಹರಳುಗಳಿದ್ದು, ಮೇಲೆ ಹರಿದು ಬೇಗ ಆರಿದ ಲಾವಾದ ಕಪ್ಪುಕಲ್ಲು ನುಣ್ಣಗಿರುವುದಕ್ಕೂ ಇದೇ ಕಾರಣ.

ತಾಳೆ ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಕರಗಿತಲ್ಲ ಎಂದು 70ಕ್ಕೋ 75ಕ್ಕೋ ಅಚ್ಚಿಗೆ ಸುರಿದರೆ ತಣ್ಣನೆಯ ಲೋಹ ಮುಟ್ಟಿದ ಕೂಡಲೇ ಗೋಡೆಗೆ ಹೆಪ್ಪುಗಟ್ಟುತ್ತದೆ. ಗರಿ ಮೂಡಲು ಪುರಸೊತ್ತೇ ಇಲ್ಲ. 95 ಡಿಗ್ರಿಯ ಆಸುಪಾಸಿನಲ್ಲಿ, ಮೊದಲೇ ಬಿಸಿ ಮಾಡಿಟ್ಟ ಅಚ್ಚಿಗೆ ಸುರಿದು, ಗಾಳಿ ತಾಗದಂತೆ ಸುತ್ತಿಟ್ಟರೆ ಹರಳುಗಳು ಅಚ್ಚಿನ ಗೋಡೆಯಲ್ಲಿ ಬೀಜ ಬಿಟ್ಟು ನಿಧಾನಕ್ಕೆ ಹಬ್ಬುತ್ತವೆ. ತ್ಯಾವಣಿಗೆಯ ಓದುಗರು ಮೊದಲ ಸಲ ರಾತ್ರಿ ಸುರಿದು, ಅಚ್ಚಿಗೊಂದು ಹಳೇ ಟವೆಲ್ಲು ಸುತ್ತಿ ಮಲಗಿದ್ದರು. ಎರಡನೆಯ ಸಲ ಬೇಗ ಆಗಲೆಂದು ಅಚ್ಚನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದ್ದರು. ಅಮಾವಾಸ್ಯೆಯನ್ನು ಇಲ್ಲಿಗೆ ಖುಲಾಸೆ ಮಾಡಬಹುದು.

ಇಲ್ಲೊಂದು ಸ್ಥಳೀಯ ತೊಡಕಿದೆ. ಮೇಣವನ್ನು ನೇರ ಉರಿಗಿಟ್ಟರೆ ಬೆಂಕಿ ಹತ್ತುವ ಭಯ. ಆದ್ದರಿಂದ ಕುದಿಯುವ ನೀರಿನ ಪಾತ್ರೆಯೊಳಗೆ ಮತ್ತೊಂದು ಪಾತ್ರೆಯಿಟ್ಟು ಕರಗಿಸುವುದು ರೂಢಿ. ಆದರೆ ದಾವಣಗೆರೆ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ. ಒಳಗಿನ ಮೇಣ ಅದಕ್ಕಿಂತ ಎರಡು ಮೂರು ಡಿಗ್ರಿ ಹಿಂದೆಯೇ ನಿಲ್ಲುತ್ತದೆ. ಗರಿ ಮೂಡುವ ಗಡಿಯ ಮೇಲೇ ನಿಂತು ಆಡುವ ಆಟವಿದು. ಒಲೆಯಿಂದ ಇಳಿಸಿ ಫೋನಿನಲ್ಲಿ ಎರಡು ಮಾತಾಡಿ ಬರುವಷ್ಟರಲ್ಲಿ ಶಾಖ ಕೈಬಿಟ್ಟಿರುತ್ತದೆ. ಸುತ್ತಿಡುವುದಕ್ಕೆ ಮಾತ್ರ ಈ ಸೀಮೆಯಲ್ಲಿ ಕೊರತೆಯಿಲ್ಲ. ಭತ್ತದ ಹೊಟ್ಟಿಗಿಂತ ಅಗ್ಗದ, ಅದಕ್ಕಿಂತ ಚೆನ್ನಾಗಿ ಶಾಖ ಹಿಡಿದಿಡುವ ವಸ್ತು ಸಿಗುವುದು ಕಷ್ಟ. ಹಿಂದೆ ಐಸ್ ಗಡ್ಡೆ ಕರಗದಿರಲು ಹೊಟ್ಟಿನಲ್ಲಿ ಹೂತಿಡುತ್ತಿದ್ದರಲ್ಲ, ಅದೇ ಹೊಟ್ಟು ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ತಾಳೆ ಮೇಣ ಎಂದಾಗ ಮರ ಸೀಳಿದರೆ ಒಸರುವ ಅಂಟು ಎಂದುಕೊಂಡವರಿದ್ದಾರೆ. ಬ್ರೆಜಿಲ್ಲಿನಲ್ಲಿ ಕಾರ್ನೌಬ ಎಂಬ ತಾಳೆಯ ಎಲೆಯಿಂದ ನಿಜವಾಗಿಯೂ ಮೇಣ ಉದುರಿಸುತ್ತಾರೆ. ಅದು ಕಾರಿಗೆ, ಬೂಟಿಗೆ ಹೊಳಪು ಕೊಡುವ ಬೇರೆಯೇ ಸರಕು. ಇಲ್ಲಿ ಹೇಳುತ್ತಿರುವುದು ತಾಳೆ ಎಣ್ಣೆಯಿಂದ ಮಾಡಿದ ಮೇಣ. ಅದರ ಮೂಲ ಆಫ್ರಿಕಾದ ಎಣ್ಣೆತಾಳೆ. ಭದ್ರಾ ಅಚ್ಚುಕಟ್ಟಿನ ರೈತರಿಗೆ ಈ ಮರ ಹೊಸದಲ್ಲ. ಅಡಿಕೆ ಭತ್ತಗಳ ನಡುವೆ ಅಲ್ಲಲ್ಲಿ, ಒಂಬತ್ತು ಮೀಟರಿಗೊಂದರಂತೆ, ಎಕರೆಗೆ 57 ಗಿಡ ನಿಂತ ದಟ್ಟ ತೋಟಗಳು ಕಾಣುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಅಭಿಯಾನ ಘೋಷಿಸಿತು. ಅಡಿಕೆಯ ಧಾರಣೆ ನೋಡಿದ ಕಣ್ಣಿಗೆ ತಾಳೆ ರುಚಿಸುತ್ತದೆಯೇ ಎಂಬುದು ಬೇರೆ ಮಾತು.

ಈ ಎಣ್ಣೆಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 44 ಪಾಲು ಪಾಮಿಟಿಕ್ ಆಮ್ಲ, 39 ಪಾಲು ಓಲಿಯಿಕ್ ಆಮ್ಲ. ಪಾಮಿಟಿಕ್ ಅಣು ನೆಟ್ಟಗಿನ ಕಡ್ಡಿ. ಓಲಿಯಿಕ್ ನಡುವೆ ಮುರಿದಂತೆ ಬಾಗಿದ್ದು. ನೆಟ್ಟಗಿನ ಅಡಿಕೆ ದಬ್ಬೆಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಬಹುದು. ಡೊಂಕು ಸೌದೆಯನ್ನು ಎಷ್ಟು ಪೇರಿಸಿದರೂ ಸಂದು ಉಳಿಯುತ್ತದೆ. ಡೊಂಕು ಅಣುಗಳು ಹೆಚ್ಚಿದ್ದರೆ ಎಣ್ಣೆ, ನೆಟ್ಟಗಿನವು ಹೆಚ್ಚಿದ್ದರೆ ಗಟ್ಟಿ. ಓಲಿಯಿಕ್‌ನ ಡೊಂಕಿಗೆ ಎರಡು ಹೈಡ್ರೋಜನ್ ಪರಮಾಣು ಸೇರಿಸಿದರೆ ಅದು ನೆಟ್ಟಗಾಗಿ ಸ್ಟಿಯರಿಕ್ ಆಮ್ಲವಾಗುತ್ತದೆ. 1937ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಡಾಲ್ಡಾವನ್ನು ಗಟ್ಟಿ ಮಾಡಿದ್ದೂ ಇದೇ ಉಪಾಯ. ಡಾಲ್ಡಾದಲ್ಲಿ ಅದನ್ನು ಅರ್ಧದಲ್ಲಿ ನಿಲ್ಲಿಸುತ್ತಾರೆ, ಮೇಣಕ್ಕಾದರೆ ಕೊನೆಯವರೆಗೂ ಒಯ್ಯುತ್ತಾರೆ.

ಇನ್ನೊಂದು ಕೆಲಸ ಉಂಟು. ಎಣ್ಣೆಯಲ್ಲಿ ಈ ಆಮ್ಲಗಳು ಮೂರು ಮೂರಾಗಿ ಗ್ಲಿಸರಿನ್ ಎಂಬ ಗೂಟಕ್ಕೆ ಕಟ್ಟಿಕೊಂಡಿರುತ್ತವೆ. ಗೂಟದಿಂದ ಬಿಡಿಸಿದರೆ ಚೆನ್ನಾಗಿ ಹರಳುಗಟ್ಟುವ ಬಿಡಿ ಆಮ್ಲ ಸಿಗುತ್ತದೆ. ಗರಿ ಮೂಡಿಸುವ ಮೇಣದಲ್ಲಿ ಇಂಥ ಬಿಡಿ ಆಮ್ಲಗಳದೇ ದೊಡ್ಡ ಪಾಲು. ತಮಾಷೆಯೆಂದರೆ ತಾಳೆ ಬೆಳೆಗಾರರ ನಿತ್ಯದ ತಲೆನೋವೂ ಇದೇ ಬಿಡುಗಡೆ. ಗೊನೆ ಕೊಯ್ದು ಹಣ್ಣು ಜಜ್ಜಿತೆಂದರೆ ಅದರೊಳಗಿನ ಕಿಣ್ವವೇ ಎಣ್ಣೆಯನ್ನು ಸೀಳತೊಡಗುತ್ತದೆ. ಒಂದು ದಿನದೊಳಗೆ ಗಿರಣಿ ಸೇರದಿದ್ದರೆ ಆಮ್ಲ ಏರಿ ಎಣ್ಣೆಯ ದರ್ಜೆ ಇಳಿಯುತ್ತದೆ. ಗಿರಣಿಯವರು ಯಾವುದನ್ನು ಕೆಡುಕು ಎನ್ನುತ್ತಾರೋ ಅದನ್ನೇ ಬತ್ತಿಯವರು ಹಣ ಕೊಟ್ಟು ಮಾಡಿಸುತ್ತಾರೆ.

ಕೊಬ್ಬಿನ ಈ ಗಂಟನ್ನು ಮೊದಲು ಬಿಡಿಸಿ ತೋರಿಸಿದವನು ಫ್ರಾನ್ಸಿನ ಮಿಶೆಲ್ ಷೆವ್ರಲ್. 1786ರಲ್ಲಿ ಹುಟ್ಟಿ 1889ರವರೆಗೆ, 102 ವರ್ಷ ಬದುಕಿದ ಆಸಾಮಿ. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವನದೂ ಒಂದು. 1825ರಲ್ಲಿ ಅವನೂ ಗೇ ಲುಸಾಕ್ ಎಂಬ ಇನ್ನೊಬ್ಬ ವಿಜ್ಞಾನಿಯೂ ಸೇರಿ ಸ್ಟಿಯರಿಕ್ ಬತ್ತಿಗೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಬಡವರ ಮನೆಯಲ್ಲಿ ಉರಿಯುತ್ತಿದ್ದುದು ದನ, ಕುರಿಗಳ ಕೊಬ್ಬಿನ ಬತ್ತಿ. ನಾತ, ಹೊಗೆ, ಬೇಸಿಗೆಯಲ್ಲಿ ಬಾಗುವ ಮೈ. ಸ್ಟಿಯರಿಕ್ ಬತ್ತಿ ಬೆಳ್ಳಗೆ, ನಾತವಿಲ್ಲದೆ, ನೆಟ್ಟಗೆ ನಿಂತು ಉರಿಯಿತು. ಆದರೆ ಅದಕ್ಕೊಂದು ದೊಡ್ಡ ದೋಷವಿತ್ತು. ಅದು ಹರಳುಗಟ್ಟುತ್ತಿತ್ತು.

ಹೌದು, ತ್ಯಾವಣಿಗೆಯವರು ಕಳೆದುಕೊಂಡು ಪರಿತಪಿಸುತ್ತಿರುವ ಅದೇ ಗರಿ! ಆ ಕಾಲದ ಬತ್ತಿಯವರಿಗೆ ಅದು ಶನಿಯಾಗಿ ಕಾಡಿತು. ಹರಳು ದೊಡ್ಡದಾದಷ್ಟೂ ಬತ್ತಿ ಪುಟುಪುಟು ಮುರಿಯುತ್ತಿತ್ತು, ಮೈ ಮಾಸಲಾಗಿ ಕಾಣುತ್ತಿತ್ತು. ಕೊಳ್ಳುವವರಿಗೆ ಬೇಕಿದ್ದುದು ಜೇನುಮೇಣದಂಥ ನುಣುಪು. ಹರಳು ಬೆಳೆಯದಂತೆ ತಡೆಯಲು ಅವರು ಕಂಡುಕೊಂಡ ಮದ್ದು ಯಾವುದು ಗೊತ್ತೇ? ಶಂಖಪಾಷಾಣ, ಅಂದರೆ ಆರ್ಸೆನಿಕ್. ಕರಗಿದ ಮೇಣಕ್ಕೆ ಅದರ ಪುಡಿ ಬೆರೆಸಿದರೆ ಹರಳು ಸಣ್ಣದಾಗಿ ಬತ್ತಿ ನುಣ್ಣಗಾಗುತ್ತಿತ್ತು. ಸಂಜೆ ದೀಪ ಹಚ್ಚಿದ ಮನೆಯ ಗಾಳಿಗೆ ವಿಷವೂ ಏರುತ್ತಿತ್ತು. 1837ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವೈದ್ಯಕೀಯ ಸಂಘದ ಸಮಿತಿಯೊಂದು ಈ ಪಾಷಾಣದ ಬತ್ತಿಗಳ ಬಗ್ಗೆ ವರದಿ ಕೊಟ್ಟು ಗುಲ್ಲೆಬ್ಬಿಸಿತು. ಆಮೇಲೆ ತಿಳಿದ ಉಪಾಯವೋ, ನಗು ಬರುವಷ್ಟು ಸರಳ. ಮೇಣವನ್ನು ಬಿಸಿ ಬಿಸಿಯಾಗಿ ಸುರಿಯಬೇಡಿ. ಹೆಪ್ಪುಗಟ್ಟುವ ಹಂತದವರೆಗೆ ಕಲಕುತ್ತಾ ಆರಿಸಿ, ಹಾಲಿನಂತೆ ಮಬ್ಬಾದಾಗ ಸುರಿಯಿರಿ, ಅಷ್ಟೆ. ಮಬ್ಬೆಂದರೆ ಆಗಲೇ ಲೆಕ್ಕವಿಲ್ಲದಷ್ಟು ಬೀಜ ಮೊಳೆತಿವೆ ಎಂದರ್ಥ. ತ್ಯಾವಣಿಗೆಯ ಎರಡನೆಯ ಬತ್ತಿಯನ್ನು ಅವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಎರಡು ಆಮ್ಲ ಬೆರೆತಾಗ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಶುದ್ಧ ಸ್ಟಿಯರಿಕ್ ಕರಗುವುದು ಸುಮಾರು 69 ಡಿಗ್ರಿಗೆ, ಶುದ್ಧ ಪಾಮಿಟಿಕ್ 63ಕ್ಕೆ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಇವೆರಡರ ನಡುವಿನ ಯಾವುದೋ ಬಿಸಿಗೆ ಕರಗಬೇಕಲ್ಲವೇ? ಇಲ್ಲ, 55ರ ಹತ್ತಿರವೇ ಕರಗಿಬಿಡುತ್ತದೆ. ಉದ್ದದಲ್ಲಿ ಎರಡು ಕಾರ್ಬನ್ನಿನಷ್ಟೇ ವ್ಯತ್ಯಾಸವಿರುವ ಕಡ್ಡಿಗಳು ಒಂದರ ಸಾಲನ್ನು ಇನ್ನೊಂದು ಕೆಡಿಸುತ್ತವೆ. ಚೀಲದಿಂದ ಚೀಲಕ್ಕೆ ಮೇಣದ ಗುಣ ಸ್ವಲ್ಪ ಬದಲಾದರೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೆನೆಯಬೇಕು.

ಓದುಗರು ಕೇಳದೆ ಬಿಟ್ಟ, ಆದರೆ ಅಡಿಕೆ ಸೀಮೆಯವರು ತಪ್ಪದೆ ಮಾಡಬಹುದಾದ ಒಂದು ಎಡವಟ್ಟನ್ನು ಇಲ್ಲೇ ಹೇಳಿಬಿಡಬೇಕು. ಅಡಿಕೆ ಬೇಯಿಸುವ ತಾಮ್ರದ ಹಂಡೆ ಮೂಲೆಯಲ್ಲಿದೆಯೆಂದು ಅದರಲ್ಲಿ ತಾಳೆ ಮೇಣ ಕರಗಿಸಿದರೆ ಬಿಳಿ ಬತ್ತಿ ಹಸಿರಿಗೆ ತಿರುಗುತ್ತದೆ. ಮೇಣದಲ್ಲಿರುವುದು ಆಮ್ಲವಾದ್ದರಿಂದ ಅದು ತಾಮ್ರವನ್ನು ಕೆರೆದು ಹಸಿರು ಬಣ್ಣದ ಸಾಬೂನನ್ನೇ ಮಾಡುತ್ತದೆ. ಹುಳಿ ಮಜ್ಜಿಗೆಯನ್ನು ತಾಮ್ರದಲ್ಲಿಡಬೇಡ ಎಂದ ಅಜ್ಜಿಯ ರಸಾಯನಶಾಸ್ತ್ರ ಇಲ್ಲೂ ಚಲಾವಣೆಯಲ್ಲಿದೆ. ಸ್ಟೀಲು, ಅಲ್ಯೂಮಿನಿಯಂ ಸಾಕು.

‘ಸಸ್ಯಮೂಲದ ಮೇಣ, ಹೊಗೆಯೇ ಇಲ್ಲ, ಕೆಮಿಕಲ್ ಇಲ್ಲ’ ಎಂದು ಡಬ್ಬದ ಮೇಲೆ ಅಚ್ಚು ಹಾಕುವವರದು ಇನ್ನೊಂದು ಬಗೆಯ ಮೂಢನಂಬಿಕೆ, ಲಾಭ ತರುವಂಥದ್ದು. ನಿಕ್ಕಲ್ ಬೆರೆಸಿ, ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಮಾಡಿದ ಮೇಣಕ್ಕೆ ಕೆಮಿಕಲ್ ಇಲ್ಲವೆಂದರೆ ಇನ್ನಾವುದಕ್ಕಿದೆ? ಮೇಣದಬತ್ತಿಯ ಹಳದಿ ಬೆಳಕು ಅನ್ನುವುದೇ ಕಾದು ಹೊಳೆಯುವ ಮಸಿಯ ಕಣ. ಮಸಿ ಹುಟ್ಟದಿದ್ದರೆ ಅಡುಗೆ ಗ್ಯಾಸಿನ ನೀಲಿ ಉರಿಯಂತೆ ಮಂಕಾಗಿರುತ್ತಿತ್ತು. ಹುಟ್ಟಿದ ಮಸಿ ಜ್ವಾಲೆಯ ಅಂಚಿನಲ್ಲೇ ಪೂರ್ತಿ ಸುಟ್ಟುಹೋದರೆ ಹೊಗೆ ಕಾಣದು. ಹತ್ತಿಯ ಬತ್ತಿ ಉದ್ದವಾದರೆ, ಫ್ಯಾನಿನ ಗಾಳಿ ತಾಗಿದರೆ ತಾಳೆಯದೂ ಗೋಡೆ ಕಪ್ಪು ಮಾಡುತ್ತದೆ.

ದಪ್ಪ ಕಂಬದ ನಡುವೆ ತೆಳು ಹತ್ತಿ ಬತ್ತಿ ಇಟ್ಟರೆ ಇನ್ನೊಂದು ಬಗೆಯ ಸಂಕಟ. ಕರಗಿದ ಮೇಣವನ್ನೆಲ್ಲ ಅದು ಹೀರಲಾರದೆ ಸುತ್ತ ಕೊಳ ಕಟ್ಟಿ, ಕೊನೆಗೆ ಜ್ವಾಲೆ ಅದರಲ್ಲೇ ಮುಳುಗಿ ನಂದುತ್ತದೆ. ದೀಪ ತಾನಾಗಿ ಆರಿತು, ಅಪಶಕುನ ಎಂದು ಮನೆಯವರು ಮುಖ ಮುಖ ನೋಡಿಕೊಳ್ಳುವ ಬದಲು ಒಂದು ನಂಬರು ದಪ್ಪದ ಹತ್ತಿ ಬತ್ತಿ ತರಬೇಕು. ಜೊತೆಗೆ, ಮೇಣ ಆರುವಾಗ ಮೇಲೆ ಕೆನೆಗಟ್ಟಿ ಒಳಗೆ ಕುಗ್ಗಿ ಪೊಳ್ಳಾಗುತ್ತದೆ. ಕೆನೆ ಕಟ್ಟಿದ ಮೇಲೆ ಸ್ವೆಟರ್ ಹೆಣೆಯುವ ಕಡ್ಡಿಯಿಂದ ನಾಲ್ಕಾರು ಕಡೆ ಆಳವಾಗಿ ಚುಚ್ಚಿ, ಉಳಿಸಿಟ್ಟ ಬಿಸಿ ಮೇಣವನ್ನು ಹೊಯ್ದು ತುಂಬಬೇಕು.

ಇಷ್ಟನ್ನೂ ಬರೆದು ಕಳಿಸಿದ ಹತ್ತು ದಿನಕ್ಕೆ ಮೂರನೆಯ ಫೋಟೊ ಬಂತು. ಈ ಸಲ ಬತ್ತಿಯ ಒಂದು ಮಗ್ಗುಲಿನಲ್ಲಿ ಗರಿ ಕಿಕ್ಕಿರಿದಿದೆ, ಇನ್ನೊಂದು ಮಗ್ಗುಲು ಬೋಳು. ಅಚ್ಚನ್ನು ಎಲ್ಲಿ ಇಟ್ಟಿದ್ದಿರಿ, ಸುತ್ತ ಏನಿತ್ತು ಎಂದು ಅಂಕಣಕಾರ ಕೇಳಿದ್ದಕ್ಕೆ ಉತ್ತರ ಚುಟುಕಾಗಿತ್ತು: ‘ಡಬ್ಬದಲ್ಲಿ ಹೊಟ್ಟು ಸಾಲಲಿಲ್ಲ. ಸಾಲದ ಮಗ್ಗುಲಿಗೇ ಕಿಟಕಿ ಇತ್ತು.’